ಸಾಲ ಕೊಡುವವರ ಕಣ್ಣು ಕಣಿವೆಯ ಜನರ ಮೇಲಿರಲಿ

ಹಿಂಸಾಚಾರ ಭುಗಿಲೆದ್ದ ಮೇಲೆ ಅದನ್ನು ಶಮನಗೊಳಿಸುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಲೇಸು. ಅದಕ್ಕೆ ತಗಲುವ ವೆಚ್ಚವೂ ಕಡಿಮೆ. ವಿಶ್ವಸಂಸ್ಥೆ ಮತ್ತು ವಿಶ್ವಬ್ಯಾಂಕ್ 2018ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಧ್ಯಯನದ ಸಾರವಿದು. ಭೂಮಿ, ನೈಸರ್ಗಿಕ ಸಂಪನ್ಮೂಲ, ಅಧಿಕಾರ, ನ್ಯಾಯ ಇವುಗಳಿಂದ ಒಂದು ಸಮುದಾಯವನ್ನು ಹೊರಗಿಟ್ಟಾಗ ಹುಟ್ಟುವ ಅಸಮಾಧಾನವೇ ಅನೇಕ ಸಂಘರ್ಷಗಳ ಬೇರು ಎಂಬುದನ್ನೂ ಅದು ಗುರುತಿಸಿದೆ. ಮಾತು ಸರಿಯಾದುದೇ. ಆದರೆ ಈ ಮಾತನ್ನಾಡುವ ಬ್ಯಾಂಕು ತಾನೇ ಸಾಲ ನೀಡಿದ್ದ ಒಂದು ಯೋಜನೆಯ ಕಣಿವೆಯಲ್ಲಿ ಹೇಗೆ ನಡೆದುಕೊಂಡಿತು ಎಂಬುದನ್ನು ತಿಳಿಯದೆ ಅದರ ಬೆಲೆ ಕಟ್ಟಲಾಗದು.

ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದಲ್ಲಿ ಚಿಶೋಯ್ ಎಂಬ ನದಿಯಿದೆ. ಅದರ ದಂಡೆಯ ರಿಯೋ ನೀಗ್ರೋ ಗ್ರಾಮದಲ್ಲಿ ಮಾಯಾ ಅಚೀ ಬುಡಕಟ್ಟಿನವರು ಮೆಕ್ಕೆಜೋಳ ಬೆಳೆದು, ಮೀನು ಹಿಡಿದು, ತಾಳೆಗರಿಯ ಚಾಪೆ ಹೆಣೆದು ಬದುಕುತ್ತಿದ್ದರು. 1970ರ ದಶಕದಲ್ಲಿ ಅಲ್ಲಿನ ಸೇನಾ ಆಡಳಿತವು ಜಲವಿದ್ಯುತ್ತಿಗಾಗಿ ಈ ನದಿಗೆ ಅಣೆಕಟ್ಟು ಕಟ್ಟಲು ಹೊರಟಿತು. ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕು 10.5 ಕೋಟಿ ಡಾಲರ್ ಸಾಲ ನೀಡಿತು. 1978ರಲ್ಲಿ ವಿಶ್ವಬ್ಯಾಂಕು 7.2 ಕೋಟಿ ಡಾಲರ್ ಮಂಜೂರು ಮಾಡಿತು. ಕಾಮಗಾರಿ ಆರಂಭವಾಯಿತು, ಜನರು ಒಪ್ಪುವಂತಹ ಪುನರ್ವಸತಿ ಮಾತ್ರ ಸಿದ್ಧವಾಗಲಿಲ್ಲ. ರಬಿನಾಲ್ ಪಟ್ಟಣದ ಅಂಚಿನಲ್ಲಿ ತೋರಿಸಿದ ನಿವೇಶನಗಳು ಇಕ್ಕಟ್ಟಾಗಿದ್ದವು, ಜಮೀನು ಬರಡಾಗಿತ್ತು. ನದಿಯ ಮೆಕ್ಕಲು ಮಣ್ಣಿನಲ್ಲಿ ತಲೆಮಾರುಗಳಿಂದ ಉತ್ತು ಬಿತ್ತಿದವರು ಅದನ್ನು ನಿರಾಕರಿಸಿದ್ದರಲ್ಲಿ ಅಚ್ಚರಿಯಿಲ್ಲ.

ನಿರಾಕರಿಸಿದವರಿಗೆ ಗೆರಿಲ್ಲಾಗಳ ಬೆಂಬಲಿಗರೆಂಬ ಹಣೆಪಟ್ಟಿ ಬಿತ್ತು. 1980ರ ಮಾರ್ಚ್‌ನಲ್ಲಿ ಪೊಲೀಸರ ಗುಂಡಿಗೆ ಏಳು ಗ್ರಾಮಸ್ಥರು ಬಲಿಯಾದರು. ಅದೇ ವರ್ಷದ ಜುಲೈನಲ್ಲಿ, ಪುನರ್ವಸತಿಯ ಬಗ್ಗೆ ಅಧಿಕಾರಿಗಳು ನೀಡಿದ್ದ ಭರವಸೆಗಳ ದಾಖಲೆಗಳನ್ನು ಹೊತ್ತು ಹೊರಟ ಇಬ್ಬರು ಪ್ರತಿನಿಧಿಗಳು ಕೊಲೆಯಾದರು, ದಾಖಲೆಗಳು ಕಣ್ಮರೆಯಾದವು. 1982ರ ಫೆಬ್ರವರಿ 13ರಂದು ನೆರೆಯ ಶೊಕೋಕ್ ಗ್ರಾಮಕ್ಕೆ ಕರೆಸಿಕೊಂಡ ಎಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಲ್ಲಲಾಯಿತು. ಮಾರ್ಚ್ 13ರಂದು ಸೈನಿಕರು ಮತ್ತು ಅವರು ಕಟ್ಟಿದ್ದ ಗಸ್ತುಪಡೆಯವರು ರಿಯೋ ನೀಗ್ರೋಗೇ ಬಂದು, 70 ಮಹಿಳೆಯರನ್ನೂ 107 ಮಕ್ಕಳನ್ನೂ ಬೆಟ್ಟ ಹತ್ತಿಸಿ ಕೊಂದರು. ಆ ಒಂದೇ ವರ್ಷದಲ್ಲಿ ಗ್ರಾಮದ 400ಕ್ಕೂ ಹೆಚ್ಚು ಜನರು ಹತರಾದರು. 1983ರ ಜನವರಿಯಲ್ಲಿ ಕಣಿವೆಗೆ ನೀರು ತುಂಬಲಾರಂಭಿಸಿತು. 1985ರಲ್ಲಿ ವಿಶ್ವಬ್ಯಾಂಕು ಅದೇ ಯೋಜನೆಗೆ ಮತ್ತೆ ಸುಮಾರು 4.5 ಕೋಟಿ ಡಾಲರ್ ಸಾಲ ನೀಡಿತು.

ಕೊಂದದ್ದು ಸೇನೆಯೇ ಹೊರತು ಬ್ಯಾಂಕಲ್ಲ, ಆಗ ಇಡೀ ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು ಎಂದು ವಾದಿಸಬಹುದು. ಸದಸ್ಯ ರಾಷ್ಟ್ರದ ರಾಜಕೀಯದಲ್ಲಿ ಕೈಹಾಕಕೂಡದೆಂದು ಬ್ಯಾಂಕಿನ ಸ್ಥಾಪನಾ ಒಪ್ಪಂದವೇ ವಿಧಿಸುತ್ತದೆ ಎಂಬುದೂ ನಿಜ. ಆದರೆ ಬಲವಂತದ ಸ್ಥಳಾಂತರದ ಬಗ್ಗೆ ಇದೇ ಬ್ಯಾಂಕು 1980ರ ಫೆಬ್ರವರಿಯಲ್ಲಿ ತನ್ನದೇ ನೀತಿಯೊಂದನ್ನು ರೂಪಿಸಿಕೊಂಡಿತ್ತು. ಎಷ್ಟು ಕುಟುಂಬಗಳು ಸ್ಥಳಾಂತರಗೊಂಡವು, ಅವು ಈಗ ಎಲ್ಲಿವೆ, ಏನು ಉಣ್ಣುತ್ತಿವೆ ಎಂದು ಕೇಳುವುದು ರಾಜಕೀಯವಲ್ಲ. ಸಿಮೆಂಟಿನ ಲೆಕ್ಕ ಕೇಳಿದಷ್ಟೇ ಸಹಜವಾದ ಮೇಲ್ವಿಚಾರಣೆ. ಆ ಪ್ರಶ್ನೆಗೆ ಉತ್ತರ ಬರುವವರೆಗೆ ಹಣವನ್ನು ತಡೆಹಿಡಿಯುವ ಅಧಿಕಾರ ಸಾಲ ಕೊಟ್ಟವರಿಗಿರುತ್ತದೆ. ಅಭಿವೃದ್ಧಿ ಸಂಸ್ಥೆಗಳ ಕೈಯಲ್ಲಿ ಸೇನೆಯಿಲ್ಲ, ನ್ಯಾಯಾಲಯವಿಲ್ಲ. ಹಿಂಸೆಯನ್ನು ತಡೆಯಲು ಅವುಗಳಿಗಿರುವ ನಿಜವಾದ ಸಾಧನ ಆ ಹಣವೊಂದೇ. ಅದನ್ನು ಬಳಸದೆ, ಹಿಂಸೆ ಮುಗಿದ ಮೇಲೆ ಶಾಂತಿಯ ಕುರಿತು ವರದಿ ಬರೆಯುವುದರಿಂದ ಕಣಿವೆಯ ಜನರಿಗೆ ಪ್ರಯೋಜನವಿಲ್ಲ.

ಬ್ಯಾಂಕನ್ನು ಪ್ರಶ್ನಿಸುವ ಬಾಗಿಲು ತೆರೆದದ್ದು ಭಾರತದ ಜನಚಳವಳಿಯಿಂದ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ನರ್ಮದಾ ಕಣಿವೆಯ ಹೋರಾಟದ ಒತ್ತಡಕ್ಕೆ ಮಣಿದು ಬ್ಯಾಂಕು ನೇಮಿಸಿದ ಬ್ರಾಡ್‌ಫೋರ್ಡ್ ಮೋರ್ಸ್ ನೇತೃತ್ವದ ಸಮಿತಿಯು 1992ರಲ್ಲಿ ಸರ್ದಾರ್ ಸರೋವರ ಯೋಜನೆಯ ಪುನರ್ವಸತಿ ಲೋಪಗಳನ್ನು ಬಯಲಿಗೆಳೆಯಿತು. 1993ರಲ್ಲಿ ಭಾರತವು ಉಳಿದ ಸಾಲವನ್ನು ಬಿಟ್ಟುಕೊಟ್ಟಿತು. ಬಾಧಿತ ಜನರ ದೂರು ಆಲಿಸಲು ಇನ್‌ಸ್ಪೆಕ್ಷನ್ ಪ್ಯಾನೆಲ್ ಎಂಬ ಸ್ವತಂತ್ರ ತನಿಖಾ ಮಂಡಳಿ ಸ್ಥಾಪನೆಯಾದದ್ದೂ ಅದೇ ವರ್ಷ. 1998ರಲ್ಲಿ ನಮ್ಮ ನಾಗರಹೊಳೆಯ ಬುಡಕಟ್ಟು ಜನರ ಸಂಘಟನೆಯೂ ಪರಿಸರ-ಅಭಿವೃದ್ಧಿ ಯೋಜನೆಯ ವಿರುದ್ಧ ಆ ಬಾಗಿಲನ್ನು ತಟ್ಟಿತು. ತನಿಖೆ ಅಗತ್ಯವೆಂದು ಮಂಡಳಿ ಶಿಫಾರಸು ಮಾಡಿದರೂ ಬ್ಯಾಂಕಿನ ನಿರ್ದೇಶಕರು ಒಪ್ಪಲಿಲ್ಲ.

ಹಣ ತಡೆಯುವುದು ಅಸಾಧ್ಯವೇನಲ್ಲ. ಉಗಾಂಡದ ರಸ್ತೆ ಯೋಜನೆಯೊಂದರಲ್ಲಿ ಕಾರ್ಮಿಕರು ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಆರೋಪಗಳು ಬಂದಾಗ, 2015ರಲ್ಲಿ ಬ್ಯಾಂಕು ಅದಕ್ಕೆ ನೀಡುತ್ತಿದ್ದ ನೆರವನ್ನು ರದ್ದುಪಡಿಸಿತು. ತಾಂಜಾನಿಯಾದ ರುವಾಹಾ ರಾಷ್ಟ್ರೀಯ ಉದ್ಯಾನದ ಸುತ್ತ ಅರಣ್ಯ ಕಾವಲುಗಾರರ ಹಿಂಸೆಯ ದೂರುಗಳು ಬಂದ ಮೇಲೆ, 2024ರಲ್ಲಿ ಅಲ್ಲಿನ ಪ್ರವಾಸೋದ್ಯಮ ಯೋಜನೆಗೆ ಹಣ ನಿಲ್ಲಿಸಿತು. ಎರಡೂ ಕಡೆ ಜನರಿಗೆ ಪೆಟ್ಟು ಬಿದ್ದ ಮೇಲೆಯೇ ಈ ಕ್ರಮ ಜರುಗಿತು.

ಬ್ಯಾಂಕು ಹೊರನಡೆದರೆ ಎಲ್ಲವೂ ಸರಿಯಾಗುತ್ತದೆ ಎಂದೂ ಅಲ್ಲ. ನರ್ಮದೆಯ ಅಣೆಕಟ್ಟು ಅದರ ಸಾಲವಿಲ್ಲದೆಯೇ ಏರಿ 2017ರಲ್ಲಿ ಉದ್ಘಾಟನೆಗೊಂಡಿತು. ಆದುದರಿಂದ ಹಣ ಹೂಡಿ ಹಾನಿಗೆ ಕಾರಣರಾದವರು ಕೇವಲ ಕೈತೊಳೆದುಕೊಂಡು ಹೋಗುವಂತಿರಬಾರದು. ಸಾಲಕ್ಕೆ ಸಹಿ ಬೀಳುವ ಮೊದಲು ಜನರ ಒಪ್ಪಿಗೆ, ಕಂತು ಕಂತಿಗೂ ಪುನರ್ವಸತಿಯ ಪರಿಶೀಲನೆ, ದೂರು ಕೊಟ್ಟವರಿಗೆ ರಕ್ಷಣೆ, ಹಾನಿಗೆ ಪರಿಹಾರ ಇವು ಸಾಲದ ಷರತ್ತುಗಳೇ ಆಗಬೇಕು.

ರಿಯೋ ನೀಗ್ರೋದ ಉಳಿದವರು ಮಣಿಯಲಿಲ್ಲ. 2012ರಲ್ಲಿ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯವು ಗ್ವಾಟೆಮಾಲ ಸರ್ಕಾರವನ್ನು ಹೊಣೆಗಾರನನ್ನಾಗಿಸಿತು. 2014ರಲ್ಲಿ ಆ ಸರ್ಕಾರವು ಅಣೆಕಟ್ಟಿನಿಂದ ಬಾಧಿತವಾದ 33 ಸಮುದಾಯಗಳಿಗೆ ಪರಿಹಾರ ನೀಡಲು ಒಪ್ಪಿತು. ಹತ್ಯಾಕಾಂಡ ನಡೆದು ಆಗ ಮೂವತ್ತೆರಡು ವರ್ಷ ಕಳೆದಿತ್ತು. 1980ರಲ್ಲಿ ಕಣ್ಮರೆಯಾದ ಆ ದಾಖಲೆಗಳು ಉಳಿದಿದ್ದರೆ ಅವರ ಹಾದಿ ಇಷ್ಟು ದುರ್ಗಮವಾಗುತ್ತಿರಲಿಲ್ಲ. ಯೋಜನೆ ಯಾವುದೇ ಇರಲಿ, ಸಾಲ ಯಾರದೇ ಇರಲಿ, ಗ್ರಾಮಸಭೆಯ ನಡಾವಳಿ, ಅಧಿಕಾರಿಗಳು ಕೊಟ್ಟ ಮಾತು, ಜಮೀನಿನ ಪಹಣಿ ಇವುಗಳ ಪ್ರತಿಗಳು ಒಂದೇ ಮನೆಯಲ್ಲಿರದೆ ಊರಿನ ಹತ್ತು ಮನೆಗಳಲ್ಲಿರಲಿ. ಗ್ರಾಮಸ್ಥರು ಹೇಳಲಿ, ವಿದ್ಯಾರ್ಥಿಗಳು ಬರೆದಿಡಲಿ. ಸಾಲ ಕೊಡುವವರು ಕೇಳದಿದ್ದರೂ ಉತ್ತರ ಸಿದ್ಧವಾಗಿರಬೇಕು.