ಖರ್ಜೂರ ತಿಂದ ಮೇಲೆ

ರಮಝಾನ್ ಬಂತೆಂದರೆ ಮೈಸೂರಿನಲ್ಲಿ ಸೌಹಾರ್ದ ಇಫ್ತಾರ್ ಕೂಟಗಳು ಶುರು. ಮೌಲಾನಾ, ಫಾದರ್ ಒಂದೇ ಸಾಲಿನಲ್ಲಿ ಕೂತು ಖರ್ಜೂರ ತಿನ್ನುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಏಳುತ್ತಾರೆ.

ಊಟ ತಪ್ಪಲ್ಲ. ಗ್ರಂಥದವರ, ಅಂದರೆ ಯಹೂದಿ ಮತ್ತು ಕ್ರೈಸ್ತರ, ಆಹಾರ ನಮಗೆ ಹಲಾಲ್ ಎಂದು ಕುರ್‌ಆನಿನ 5ನೇ ಅಧ್ಯಾಯವೇ ತಿಳಿಸುತ್ತದೆ. ಆದರೆ ಆ ಸಾಲಿನಲ್ಲಿ ಯಹೂದಿ ಎಲ್ಲಿ? ನಮ್ಮೂರಲ್ಲಿ ಅವರನ್ನು ಕಣ್ಣಾರೆ ಕಂಡವರೇ ಅಪರೂಪ. ಆದರೂ 2023ರಿಂದ ಗಾಝಾದ ಮಕ್ಕಳಿಗಾಗಿ ಮರುಗುವ (ಮರುಗಲೇಬೇಕು) ನಮ್ಮ ಕೆಲವರ ಬಾಯಲ್ಲಿ 'ಯಹೂದಿ' ಎಂಬುದೇ ಬೈಗುಳ. ಇಸ್ರೇಲ್ ಸರಕಾರದ ಬಾಂಬಿಗೆ ಬೆಂಗಳೂರಿನ ಯಹೂದಿ ಸ್ಮಶಾನದಲ್ಲಿ ಮಲಗಿರುವವರು ಹೊಣೆಯೇ? ಎಲ್ಲೋ ಯಾರೋ ಬಾಂಬಿಟ್ಟರೆ ನಮ್ಮ ಮಕ್ಕಳಿಗೆ ಬಾಡಿಗೆ ಮನೆ ಕೊಡದವರ ತರ್ಕವೂ ಇದೇ ತಾನೇ?

ಫಾದರ್ ಜೊತೆಗೂ ಮಾತು ಬಾಕಿಯಿದೆ. 2008ರಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿಯಾದಾಗ ಇಲ್ಲಿನ ಸಂತ ಫಿಲೋಮಿನಾ ಚರ್ಚಿನ ಬಾಗಿಲಿಗೆ ಎಷ್ಟು ಮೌಲಾನಾಗಳು ಹೋದರು? 2022ರಲ್ಲಿ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಬಹಿಷ್ಕರಿಸಿ ಎಂಬ ಕೂಗೆದ್ದಾಗ ಎಷ್ಟು ಫಾದರ್‌ಗಳು ಬಾಯಿಬಿಟ್ಟರು?

ಇದನ್ನೆಲ್ಲ ಎತ್ತಿದರೆ ಬಿರಿಯಾನಿ ಆರಿಹೋಗುತ್ತದೆ ಎನ್ನುವವರಿದ್ದಾರೆ. ಆರಲಿ ಬಿಡಿ. ಮುಂದಿನ ಕೂಟದಲ್ಲಿ ಶಾಲು ಹೊದಿಸುವ ಅರ್ಧ ಗಂಟೆಯನ್ನು ಈ ಪ್ರಶ್ನೆಗಳಿಗೆ ಕೊಡಿ. ಬೆಂಗಳೂರಿನಿಂದ ಒಬ್ಬ ಯಹೂದಿಯನ್ನೂ ಕರೆಯಿರಿ.