1890ರ ಜನಗಣತಿ ಮತ್ತು ಅಮೆರಿಕದ ಬಾಗಿಲು

ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಜಗತ್ತಿಗೆ ಬೆನ್ನು ಹಾಕಿತು ಎಂಬುದು ರೂಢಿಯ ಮಾತು. ವರ್ಸೇಲ್ಸ್ ಒಪ್ಪಂದವನ್ನು ಸೆನೆಟ್ ತಿರಸ್ಕರಿಸಿತು, ರಾಷ್ಟ್ರಸಂಘಕ್ಕೆ ಅಮೆರಿಕ ಸೇರಲಿಲ್ಲ, ನಿಜ. ಆದರೆ 1921-22ರಲ್ಲಿ ವಾಷಿಂಗ್ಟನ್ನಿನಲ್ಲಿ ನೌಕಾ ಸಮ್ಮೇಳನ ಕರೆದದ್ದೂ, 1924ರ ಡಾಸ್ ಯೋಜನೆಯಡಿ ಜರ್ಮನಿಗೆ ಸಾಲ ಹರಿಸಿದ್ದೂ ಇದೇ ಅಮೆರಿಕ. ಅದು ಗಟ್ಟಿಯಾಗಿ ಬಾಗಿಲು ಹಾಕಿಕೊಂಡದ್ದು ಮನುಷ್ಯರ ಮುಂದೆ. ಅದೂ ಎಲ್ಲ ಮನುಷ್ಯರ ಮುಂದಲ್ಲ.

1921ರ ಕಾಯ್ದೆ 1910ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ದೇಶವಾರು ವಲಸೆಯ ಕೋಟಾ ನಿಗದಿ ಮಾಡಿತ್ತು. 1924ರ ಕಾಯ್ದೆ ಹಿಂದಕ್ಕೆ ಸರಿದು 1890ರ ಜನಗಣತಿಯನ್ನು ಹಿಡಿಯಿತು. 1920ರ ಲೆಕ್ಕ ಕೈಯಲ್ಲೇ ಇರುವಾಗ 34 ವರ್ಷ ಹಳೆಯದು ಏಕೆ ಬೇಕಾಯಿತು? ಇಟಲಿ, ಪೋಲೆಂಡ್, ರಷ್ಯಾಗಳ ಕ್ಯಾಥೊಲಿಕರು ಮತ್ತು ಯೆಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದಿಳಿದದ್ದು 1890ರ ನಂತರ. ಆಧಾರ ವರ್ಷ ಬದಲಾದದ್ದೇ ತಡ, ಸುಮಾರು 42,000 ಇದ್ದ ಇಟಲಿಯ ಕೋಟಾ 3,845ಕ್ಕೆ ಕುಸಿಯಿತು. ಕಾಯ್ದೆಯಲ್ಲಿ ಯಾವ ಧರ್ಮದ ಹೆಸರನ್ನೂ ಬರೆಯಬೇಕಾಗಲಿಲ್ಲ. ಇದೆಲ್ಲ ಕೂ ಕ್ಲಕ್ಸ್ ಕ್ಲಾನ್‌ನ ಕೆಲಸ ಎಂದು ಹೇಳಿ ಉಳಿದವರನ್ನು ಬಿಟ್ಟುಬಿಡುವಂತಿಲ್ಲ. ಕೂಲಿ ಇಳಿದೀತೆಂಬ ಭಯದಿಂದ ಕಾರ್ಮಿಕ ಸಂಘಟನೆಗಳೂ ವಲಸೆ ನಿರ್ಬಂಧದ ಪರ ನಿಂತಿದ್ದವು.

ಏಷ್ಯಾದವರಿಗೆ ಈ ಲೆಕ್ಕಾಚಾರದ ನಾಜೂಕೂ ಸಿಗಲಿಲ್ಲ. 1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಝಾವಾಗೆ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತು. ಪೌರತ್ವ ಕಾಯ್ದೆ ಹೇಳುವ ಬಿಳಿಯ ಎಂದರೆ ಕಕೇಶಿಯನ್ ಕುಲದವನು, ಒಝಾವಾ ಆ ಕುಲದವರಲ್ಲ ಎಂಬುದು ಕಾರಣ. ಮೂರು ತಿಂಗಳಿಗೆ ಪಂಜಾಬಿನ ಭಗತ್ ಸಿಂಗ್ ಥಿಂದ್ ಅದೇ ವಾದ ಹಿಡಿದು ಬಂದರು. ಕುಲಶಾಸ್ತ್ರದ ಪ್ರಕಾರ ತಾನು ಕಕೇಶಿಯನ್ ಎಂದರು. ಯುದ್ಧಕಾಲದಲ್ಲಿ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದವರು ಅವರು. ಒಝಾವಾ ತೀರ್ಪು ಬರೆದಿದ್ದ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಈಗ, ಶಾಸ್ತ್ರ ಬೇಡ, ಸಾಮಾನ್ಯ ಮನುಷ್ಯನ ತಿಳಿವಳಿಕೆಯೇ ಪ್ರಮಾಣ ಎಂದರು. ಸದರ್ಲೆಂಡ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿದ ವಲಸಿಗ. ಆ ತೀರ್ಪಿನ ಬಲದ ಮೇಲೆ, ಆಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಸಿಯಲಾಯಿತು.

ಪೌರತ್ವಕ್ಕೆ ಅರ್ಹರಲ್ಲದವರು ವಲಸೆಯನ್ನೂ ಬರುವಂತಿಲ್ಲ ಎಂದು 1924ರ ಕಾಯ್ದೆ ಹೇಳಿದಾಗ ಪೆಟ್ಟು ಬಿದ್ದದ್ದು ಮುಖ್ಯವಾಗಿ ಜಪಾನಿಗೆ. ಕೋಟಾ ಕೊಟ್ಟಿದ್ದರೂ ವರ್ಷಕ್ಕೆ ಬರುತ್ತಿದ್ದ ಜಪಾನೀಯರು ಇನ್ನೂರು ದಾಟುತ್ತಿರಲಿಲ್ಲ. ನೌಕಾ ಸಮ್ಮೇಳನದಲ್ಲಿ ಗಳಿಸಿದ ಸೌಹಾರ್ದ ಬಹುಮಟ್ಟಿಗೆ ಹಾಳಾಗುತ್ತದೆ ಎಂದು ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಎಚ್ಚರಿಸಿದರು. ಗಂಭೀರ ಪರಿಣಾಮಗಳಾದಾವು ಎಂದು ಜಪಾನಿನ ರಾಯಭಾರಿ ಹನಿಹಾರಾ ಬರೆದ ಪತ್ರವನ್ನು ಸೆನೆಟರ್ ಲಾಜ್ ಮುಸುಕಿನ ಬೆದರಿಕೆ ಎಂದು ಕರೆದರು. ಕಾಯ್ದೆ ಜಾರಿಯಾದ ಜುಲೈ 1ನ್ನು ಜಪಾನೀಯರು ರಾಷ್ಟ್ರೀಯ ಅವಮಾನದ ದಿನವಾಗಿ ಆಚರಿಸಿದರು. ಅಮೆರಿಕದೊಡನೆ ಹೊಂದಿಕೊಂಡು ಹೋಗೋಣ ಎನ್ನುತ್ತಿದ್ದ ಅಲ್ಲಿನ ಉದಾರವಾದಿಗಳ ಬಾಯಿ ಕಟ್ಟಿಹೋಯಿತು. ಪರ್ಲ್ ಹಾರ್ಬರ್‌ಗೆ ಇದೊಂದೇ ಕಾರಣ ಎನ್ನುವುದು ಅತಿಯಾದೀತು. ಆದರೂ ಇಷ್ಟು ಅಗ್ಗಕ್ಕೆ ತಪ್ಪಿಸಬಹುದಾಗಿದ್ದ ದ್ವೇಷವನ್ನು ಅಮೆರಿಕ ಕೈಯಾರೆ ಬಿತ್ತಿಕೊಂಡಿತು ಎಂದೇ ನನ್ನ ಅಭಿಪ್ರಾಯ.

1939ರಲ್ಲಿ ಕೋಟಾ ಪದ್ಧತಿ ಮತ್ತೆ ಅಡ್ಡ ನಿಂತಿತು. 937 ಪ್ರಯಾಣಿಕರೊಡನೆ ಹ್ಯಾಂಬರ್ಗ್ ಬಿಟ್ಟ ಸೇಂಟ್ ಲೂಯಿ ಹಡಗಿನಲ್ಲಿದ್ದವರು ಬಹುತೇಕ ಯೆಹೂದಿ ನಿರಾಶ್ರಿತರು. ಹಲವರು ಅಮೆರಿಕದ ವೀಸಾಕ್ಕೆ ಅರ್ಜಿ ಹಾಕಿ ಸರದಿ ಕಾಯುತ್ತಿದ್ದರು. ಕ್ಯೂಬಾ ಬೆರಳೆಣಿಕೆಯಷ್ಟು ಮಂದಿಯನ್ನಷ್ಟೇ ಇಳಿಸಿಕೊಂಡಿತು. ಹಡಗು ಫ್ಲಾರಿಡಾದ ಕರಾವಳಿಯಲ್ಲಿ ಸುತ್ತಾಡಿ ಯುರೋಪಿಗೆ ಮರಳಿತು. ಮರಳಿದವರಲ್ಲಿ 254 ಮಂದಿ ನಾಜಿ ನರಮೇಧಕ್ಕೆ ಬಲಿಯಾದರು. 20,000 ನಿರಾಶ್ರಿತ ಮಕ್ಕಳನ್ನು ಕರೆಸಿಕೊಳ್ಳುವ ವ್ಯಾಗ್ನರ್-ರಾಜರ್ಸ್ ಮಸೂದೆಯೂ ಅದೇ ವರ್ಷ ಮತಕ್ಕೆ ಬಾರದೆ ಬಿದ್ದುಹೋಯಿತು.

ಏಷ್ಯಾದ ಪಾಲಿಗೆ ಬಾಗಿಲು ಕೊಂಚ ಸಡಿಲಗೊಂಡದ್ದು ಯುದ್ಧದಲ್ಲಿ ಮಿತ್ರರು ಬೇಕಾದಾಗ, 1943ರಲ್ಲಿ ಚೀನೀಯರಿಗೆ; ಯುದ್ಧ ಮುಗಿದ ಮೇಲೆ, 1946ರಲ್ಲಿ ಭಾರತೀಯರಿಗೆ. ನಮಗೆ ಸಿಕ್ಕ ಕೋಟಾ ವರ್ಷಕ್ಕೆ 100.