ಬಾಯಿ ಬಿಡಿಸುವ ಪರೀಕ್ಷೆ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬರೆಯುವ ಪರೀಕ್ಷೆಯ ಜೊತೆಗೆ ಮೌಖಿಕ ಪರೀಕ್ಷೆಯೂ ಉಂಟು. ಲೆಕ್ಕದ್ದಕ್ಕಾಗಲಿ ಕನ್ನಡದ್ದಕ್ಕಾಗಲಿ ಯಾರೂ ಅಷ್ಟಾಗಿ ಹೆದರುವುದಿಲ್ಲ. ಇಂಗ್ಲಿಷಿನ ಮೌಖಿಕ ಎಂದೊಡನೆ ಮಾತ್ರ ಮಗುವಿಗಿಂತ ಮೊದಲು ಮನೆಮಂದಿಗೆ ಜ್ವರ ಬರುತ್ತದೆ. ಹಾಳೆಯ ಮೇಲಿನ ತಪ್ಪು ಮಗುವಿಗೂ ಮೇಷ್ಟರಿಗೂ ಮಾತ್ರ ಗೊತ್ತು. ಬಾಯಿಯ ತಪ್ಪು ಇಡೀ ತರಗತಿಗೆ ಕೇಳಿಸುತ್ತದೆ. ಹಿಂದೆಯೇ ನಗೆಯೂ ಕೇಳಿಸುತ್ತದೆ. ಆ ನಗೆ ಒಮ್ಮೆ ಕಿವಿಗೆ ಬಿದ್ದ ಮಗು ಮುಂದಿನ ಸಲ ಬಾಯಿಯನ್ನೇ ತೆರೆಯುವುದಿಲ್ಲ. ಆಗ ಅದಕ್ಕೆ ಬೀಳುವ ಅಂಕ ಅದರ ತಿಳಿವಳಿಕೆಯದ್ದಲ್ಲ, ಅದರ ಮೌನದ್ದು.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದು 2007-08ರಲ್ಲಿ. 2019-20ರಲ್ಲಿ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಈ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಮನೆಯಲ್ಲಿ ಇಂಗ್ಲಿಷ್ ಆಡುವವರಿಲ್ಲ. 'ನಮಗೇ ಬಾರದ್ದನ್ನು ಮಗುವಿಗೆ ಹೇಗೆ ಹೇಳಿಕೊಡೋಣ ಸ್ವಾಮಿ?' ಎಂಬುದು ತಾಯಿತಂದೆಯರ ಪ್ರಶ್ನೆ. ಇಂಗ್ಲಿಷ್ ಬಾರದವರೂ ಮಾಡಿಸಬಹುದಾದ ತಯಾರಿ ಸಾಕಷ್ಟಿದೆ.

ಮೊದಲು ಬಾಯಿಪಾಠದ ರೋಗವನ್ನು ಬಿಡಿಸಬೇಕು. ತನ್ನ ಹೆಸರು, ತರಗತಿ, ಊರು, ಅಪ್ಪನ ಕೆಲಸ, ಹೀಗೆ ಐದು ವಾಕ್ಯಗಳನ್ನು ಮಗು ಗಿಳಿಯ ಹಾಗೆ ಒಪ್ಪಿಸುತ್ತದೆ. ಪರೀಕ್ಷಕರು ಕ್ರಮ ತಪ್ಪಿಸಿ, 'ವಾಟ್ ಡಸ್ ಯುವರ್ ಫಾದರ್ ಡೂ?' ಎಂದು ಕೇಳಿದರೆ, ಅದು 'ಮೈ ನೇಮ್ ಈಸ್' ಎಂದು ಮೊದಲಿನಿಂದ ಶುರುಮಾಡುತ್ತದೆ! ರೈಲಿನ ಡಬ್ಬಿಗಳಂತೆ ಕೊಂಡಿ ಹಾಕಿದ ವಾಕ್ಯಗಳಲ್ಲಿ ನಡುವಿನದೊಂದೇ ಬಿಡಿಯಾಗಿ ಬರುವುದಿಲ್ಲ. ಇದರ ಬದಲು ಹೂ, ವಾಟ್, ವೇರ್, ವೆನ್, ಹೌ ಮೆನಿ ಎಂಬ ಪ್ರಶ್ನೆಯ ಪದಗಳನ್ನು ಚೆನ್ನಾಗಿ ಪರಿಚಯ ಮಾಡಿಸಿ. ಕೇಳಿದ್ದು ಜನವನ್ನೋ ಜಾಗವನ್ನೋ ಹೊತ್ತನ್ನೋ ಲೆಕ್ಕವನ್ನೋ ಎಂಬುದು ತಿಳಿದರೆ ಎರಡು ಮಾತಿನ ಉತ್ತರವಾದರೂ ಸರಿಯಾಗಿರುತ್ತದೆ. 'ಹಸು ಎಲ್ಲಿದೆ?' ಎಂದರೆ ನಾವು 'ಕೊಟ್ಟಿಗೇಲಿ' ಎನ್ನುತ್ತೇವೆಯೇ ಹೊರತು ಪೂರ್ತಿ ವಾಕ್ಯ ಒಪ್ಪಿಸುತ್ತೇವೆಯೇ? 'ಅಂಡರ್ ದಿ ಟ್ರೀ' ಎಂಬುದೂ ಉತ್ತರವೇ. ವಾಕ್ಯವನ್ನು ಬೆಳೆಸುವುದು ಆಮೇಲಿನ ಕೆಲಸ.

ಎರಡನೆಯದು ಉಚ್ಚಾರಣೆ. ವಿಜ್ಞಾನದ ಮೇಷ್ಟ್ರಿಗೆ ಇದರ ಉಸಾಬರಿ ಏಕೆ ಎನ್ನಬೇಡಿ. ಶಬ್ದ ನಮ್ಮ ಪಾಠವೇ. ಕನ್ನಡವನ್ನು ಹೆಚ್ಚುಕಡಿಮೆ ಬರೆದಂತೆಯೇ ಓದಬಹುದು. ಇಂಗ್ಲಿಷಿನಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಭಾರ ಹೊರಬೇಕು. ಜೊತೆಗೆ ನಮ್ಮ ನಾಲಿಗೆಗೆ ತನ್ನದೇ ಅಭ್ಯಾಸಗಳಿವೆ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ಬಸ್, ಬುಕ್, ಪೆನ್ ಎಂಬುವು ನಮ್ಮಲ್ಲಿ ಬಸ್ಸು, ಬುಕ್ಕು, ಪೆನ್ನು ಆಗುತ್ತವೆ. 'ಎಲೆ'ಯನ್ನು 'ಯೆಲೆ', 'ಒಂದು' ಎಂಬುದನ್ನು 'ವೊಂದು' ಎನ್ನುವ ಬಾಯಿ 'ಎಗ್' ಅನ್ನು 'ಯೆಗ್ಗು' ಎಂದೂ 'ಓನ್ಲಿ'ಯನ್ನು 'ವೋನ್ಲಿ' ಎಂದೂ ಹೇಳುತ್ತದೆ. ಇದು ದಡ್ಡತನವಲ್ಲ, ತಾಯಿನುಡಿಯ ರೂಢಿ. ಬೈದರೆ ಹೋಗದು, ತೋರಿಸಿಕೊಟ್ಟರೆ ಹೋಗುತ್ತದೆ.

ತೋರಿಸಲು ಖರ್ಚಿಲ್ಲದ ಮೂರು ಪ್ರಯೋಗಗಳಿವೆ. ಎರಡು ಬೆರಳನ್ನು ಗಂಟಲ ಮೇಲಿಟ್ಟುಕೊಂಡು ಹಾವಿನಂತೆ 'ಸ್‌ಸ್‌ಸ್' ಎನ್ನಲು ಹೇಳಿ. ಗಂಟಲು ಸುಮ್ಮನಿರುತ್ತದೆ. ನಾಲಿಗೆಯನ್ನು ಅಲ್ಲೇ ಇರಿಸಿಕೊಂಡು ಜೇನುನೊಣದಂತೆ ಗುಂಯ್‌ಗುಡಲು ಹೇಳಿ. ಧ್ವನಿತಂತುಗಳು ಕಂಪಿಸುವುದು ಬೆರಳಿಗೇ ತಿಳಿಯುತ್ತದೆ. ಪ್ರಾಣಿಗಳಿರುವ 'ಝೂ' ಎಂಬುದರ ಮೊದಲ ಧ್ವನಿ ಇದೇ. 'ಕ್ಯಾಟ್ಸ್' ಹಾವಿನ ಧ್ವನಿಯಲ್ಲಿ ಮುಗಿದರೆ 'ಡಾಗ್ಸ್' ಜೇನಿನ ಧ್ವನಿಯಲ್ಲಿ ಮುಗಿಯುತ್ತದೆ, ಬರೆಯುವ ಅಕ್ಷರ ಮಾತ್ರ ಎರಡರಲ್ಲೂ 'ಎಸ್'.

ಎರಡನೆಯದಕ್ಕೆ ತೆಳು ಕಾಗದದ ಒಂದು ಚೂರು ಸಾಕು. ಅದನ್ನು ತುಟಿಯ ಮುಂದೆ ಹಿಡಿದು ನಮ್ಮ 'ಫಲ'ದ 'ಫ' ಹೇಳಿಸಿ. ಮುಚ್ಚಿದ ತುಟಿ ಥಟ್ಟನೆ ಬಿಚ್ಚಿ ಕಾಗದ ಒಮ್ಮೆ ಹಾರಿ ನಿಲ್ಲುತ್ತದೆ. ಈಗ ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ 'ಫ್ಯಾನ್' ಎಂಬುದರ ಮೊದಲ ಧ್ವನಿಯನ್ನು ಎಳೆಯಲು ಹೇಳಿ. ಉಸಿರಿರುವಷ್ಟು ಹೊತ್ತೂ ಕಾಗದ ಅಲುಗುತ್ತದೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಅಕ್ಷರ ಬರೆದರೂ ಧ್ವನಿ ಬೇರೆ ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

ಮೂರನೆಯದು ತಾಳ. ನಾವು 'ಬನಾನ', 'ಕಂಪ್ಯೂಟರ್' ಎಂಬ ಪದಗಳ ಎಲ್ಲ ಭಾಗಕ್ಕೂ ಒಂದೇ ಒತ್ತು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಒತ್ತು ಎರಡನೆಯ ಭಾಗದ ಮೇಲೆ, 'ಹಾಸ್ಪಿಟಲ್'ಗೆ ಮೊದಲನೆಯದರ ಮೇಲೆ. ತೊಡೆಯ ಮೇಲೆ ತಟ್ಟುತ್ತಾ, ಒತ್ತು ಇರುವಲ್ಲಿ ಜೋರಾಗಿ ತಟ್ಟಿಸಿ. ಭಜನೆಗೆ ತಾಳ ಹಾಕುವ ಮಕ್ಕಳಿಗೆ ಇದು ಆಟ.

ಇನ್ನು ಕೇಳುವವರ ಕಡೆಗೆ ಬರೋಣ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಾಥಮಿಕ ಶಾಲೆಗಳ ವಿಜ್ಞಾನ ತರಗತಿಗಳನ್ನು ಪರಿಶೀಲಿಸಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸದೆ ಕೂರುತ್ತಿದ್ದವರ ಮೌನವೂ ಕಡಿಮೆಯಾಯಿತು. ಅವರು ತಮ್ಮದೇ ನುಡಿಯಲ್ಲಿ ಕೇಳಿ ಹೇಳುತ್ತಿದ್ದ ಮಕ್ಕಳು. ನಮ್ಮ ಮಗುವೋ ಇಂಗ್ಲಿಷಿನಲ್ಲಿ ಕೇಳಿ, ಕನ್ನಡದಲ್ಲಿ ಯೋಚಿಸಿ, ಮತ್ತೆ ಇಂಗ್ಲಿಷಿಗೆ ತರಬೇಕು. ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಆಮೇಲೆ 'ನೆಕ್ಸ್ಟ್' ಎನ್ನಿ.

ಮಗು ತಪ್ಪು ಹೇಳಿದಾಗ ನಡುವೆ ತಡೆಯಬೇಡಿ. 'ಹಿ ಗೋ ಸ್ಕೂಲ್' ಎಂದರೆ 'ಯೆಸ್, ಹಿ ಗೋಸ್ ಟು ಸ್ಕೂಲ್' ಎಂದು ಮೆಚ್ಚುಗೆಯೊಡನೆ ಸರಿಯಾದುದನ್ನು ಕಿವಿಗೆ ಹಾಕಿ. ಪ್ರಶ್ನೆ ಅರ್ಥವಾಗದಿದ್ದರೆ 'ಪ್ಲೀಸ್ ಸೇ ಇಟ್ ಅಗೇನ್' ಎಂದು ಕೇಳುವುದನ್ನೂ ಕಲಿಸಿ. ಮುಳುಗುವವನ ಕೈಗೆ ಹಗ್ಗ ಸಿಕ್ಕಂತೆ ಈ ಒಂದು ವಾಕ್ಯ ಮಗುವನ್ನು ಮೌನದಿಂದ ಎಳೆದು ತರುತ್ತದೆ.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಸಾಕು. ಪತ್ರಿಕೆಯಲ್ಲಿ ಬಂದ ಒಂದು ಚಿತ್ರವನ್ನು ಮುಂದಿಟ್ಟು, ಕಂಡ ಐದು ಸಂಗತಿಗಳನ್ನು ಮೊದಲು ಕನ್ನಡದಲ್ಲಿ ಹೇಳಿಸಿ. ಕನ್ನಡದಲ್ಲಿ ಹೇಳಲು ಏನೂ ಇಲ್ಲದ ಮಗುವಿಗೆ ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು? ಅನಂತರ ಅವನ್ನೇ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಲಿ. ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಇನ್ನೂ ಒಳ್ಳೆಯದು: ಅಮ್ಮ ಶಿಷ್ಯೆಯಾಗಲಿ, ಮಗು ಟೀಚರಾಗಲಿ. ಕಲಿಸುವವರ ದನಿ ತಾನಾಗಿಯೇ ಏರುತ್ತದೆ. ಪಾಠವನ್ನು ಗಟ್ಟಿಯಾಗಿ ಓದುವಾಗ ನಿಲ್ಲಬೇಕಾದ ಕಡೆ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳಲಿ, ಅಡುಗೆಮನೆಯಲ್ಲಿರುವ ಅಜ್ಜಿಗೆ ಕೇಳಿಸುವಂತೆ ಓದಲಿ.

'ಕೋಣೆಯ ಕೂಸು ಕೊಳೆಯಿತು, ಓಣಿಯ ಕೂಸು ಬೆಳೆಯಿತು' ಎಂಬ ಗಾದೆ ಭಾಷೆಗೂ ಸಲ್ಲುತ್ತದೆ. ಆದರೆ ಓಣಿಗಿಳಿದ ಕೂಸು ಬಿದ್ದಾಗ ನಗುವವರಿದ್ದರೆ ಅದು ಮತ್ತೆ ಕೋಣೆ ಸೇರುತ್ತದೆ. ಆದ್ದರಿಂದ ಶಿಕ್ಷಕಮಿತ್ರರು ಮೌಖಿಕ ಪರೀಕ್ಷೆಗೆ ಮಾಡಬೇಕಾದ ಮೊದಲ ಸಿದ್ಧತೆ, ತರಗತಿಯಲ್ಲಿ ಒಬ್ಬರ ತಪ್ಪಿಗೆ ಇನ್ನೊಬ್ಬರು ನಗದಂತೆ ನೋಡಿಕೊಳ್ಳುವುದು. ಅದನ್ನು ಪರೀಕ್ಷೆಯ ಹಿಂದಿನ ದಿನ ಮಾಡಲಾಗದು. ಶಾಲೆ ತೆರೆಯುವ ಜೂನ್ ತಿಂಗಳಿಂದಲೇ ಶುರುವಾಗಬೇಕು.